ಕ್ಯಾಲ್ಕುಲೇಟರಿಗೆ ಹಚ್ಚಿದ ಕುಂಕುಮ

ನಮ್ಮ ಶಾಲೆಯ ಗ್ರಾಫಿಂಗ್ ಕ್ಯಾಲ್ಕುಲೇಟರಿನ ನೆತ್ತಿಯ ಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕ ದೀಪವೊಂದಿದೆ. ಪರೀಕ್ಷೆಯ ಹೊತ್ತಿನಲ್ಲಿ ಅದು ಹಸಿರಾಗಿ ಮಿನುಗುತ್ತಿರಬೇಕು. ಮಿನುಗುತ್ತಿದೆ ಎಂದರೆ ಯಂತ್ರ ಪರೀಕ್ಷಾ ಮೋಡ್‌ನಲ್ಲಿದೆ, ಅದರೊಳಗೆ ವಿದ್ಯಾರ್ಥಿ ಮೊದಲೇ ಬರೆದಿಟ್ಟ ಪ್ರೋಗ್ರಾಮ್, ಟಿಪ್ಪಣಿ ಎಲ್ಲಕ್ಕೂ ಬೀಗ ಬಿದ್ದಿದೆ ಎಂದರ್ಥ. ಮೇಲ್ವಿಚಾರಕರು ಮಕ್ಕಳ ಮುಖ ನೋಡಬೇಕಿಲ್ಲ, ಉತ್ತರಪತ್ರಿಕೆ ಇಣುಕಬೇಕಿಲ್ಲ. ಸಾಲುಗಳ ನಡುವೆ ನಡೆಯುತ್ತ ದೀಪಗಳನ್ನು ನೋಡಿಕೊಂಡರೆ ಆಯಿತು. ನಂಬಿಕೆಯ ಕೆಲಸವನ್ನು ಒಂದು ದೀಪಕ್ಕೆ ವಹಿಸಿ ಎಲ್ಲರೂ ನಿರಾಳವಾಗಿದ್ದೆವು.

ಜರ್ಮನಿಯ ಇಂಗೋಲ್‌ಸ್ಟಾಟ್‌ನ ಒಂದು ಗಿಮ್ನಾಸಿಯಂನಲ್ಲಿ, ಅಂದರೆ ವಿಶ್ವವಿದ್ಯಾಲಯದ ಓದಿಗೆ ತಯಾರು ಮಾಡುವ ಶಾಲೆಯಲ್ಲಿ, ಆಗ ನಾನು ಹನ್ನೆರಡು, ಹದಿಮೂರನೇ ತರಗತಿಗಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಮೈಸೂರಿನಿಂದ ಇಲ್ಲಿಗೆ ಹೇಗೆ ಬಂದೆ, ಹೇಗೆ ಟೀಚರ್ ಆದೆ ಎಂಬ ಪುರಾಣ ಇಲ್ಲಿ ಬೇಡ. ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಮೇಲಿದ್ದೆ ಎಂಬುದಷ್ಟೇ ಸಾಕು. ಶಾಲೆಯಲ್ಲಿ ಎರಡು ಬಗೆಯ ಗಣಿತ ತರಗತಿಗಳಿದ್ದವು. ಒಂದರಲ್ಲಿ ಸಾಧಾರಣ ಕ್ಯಾಲ್ಕುಲೇಟರ್. ಇನ್ನೊಂದು ನನ್ನದು, ಅದರಲ್ಲಿ ಗ್ರಾಫ್ ಎಳೆಯುವ, ಸಮೀಕರಣ ಬಿಡಿಸುವ, ಪ್ರೋಗ್ರಾಮ್ ಬರೆಯಬಹುದಾದ ಯಂತ್ರ. ಶಾಲೆಯೇ ಅವನ್ನು ಮಕ್ಕಳಿಗೆ ಎರವಲು ಕೊಡುತ್ತಿತ್ತು. ಗಣಿತ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಈ ಯಂತ್ರಗಳೆಂದರೆ ಅಷ್ಟಕ್ಕಷ್ಟೇ. "ಗುಂಡಿ ಒತ್ತುವ ತರಗತಿ ಹೇಗಿದೆ?" ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಕೆಣಕುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ನನ್ನ ಮೊದಲ ವರ್ಷ ನನ್ನ ಜರ್ಮನ್ ವಾಕ್ಯಗಳನ್ನು ಬೇಸರವಿಲ್ಲದೆ ತಿದ್ದಿಕೊಟ್ಟವರು ಅವರೊಬ್ಬರೇ.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಅಪ್ಪ ಅಮ್ಮ ಹುಬ್ಬಳ್ಳಿಯವರು, ಅಪ್ಪನಿಗೆ ಇಲ್ಲಿಯ ಕಾರು ಕಂಪನಿಯಲ್ಲಿ ಎಂಜಿನಿಯರ್ ಕೆಲಸ. ಹತ್ತನೇ ತರಗತಿಯಲ್ಲಿಯೇ ಟೀಚರುಗಳು ಅವಳಿಗೆ ಗಿಮ್ನಾಸಿಯಂ ಬಿಟ್ಟು ಬೇರೆ ಶಾಲೆಗೆ ಹೋಗುವಂತೆ ಸೂಚಿಸಿದ್ದರು. ಹೋಗಲಿಲ್ಲ. ಹಲ್ಲು ಕಚ್ಚಿ ಕುಳಿತಳು. ಹದಿಮೂರನೇ ತರಗತಿಗೆ ಬರುವ ಹೊತ್ತಿಗೆ ಒಂದು ಕಂಪನಿಯಲ್ಲಿ ಓದು ಕೆಲಸ ಎರಡೂ ಒಟ್ಟಿಗೆ ನಡೆಸುವ ಸೀಟು ಅವಳಿಗೆ ಸಿಕ್ಕಿತ್ತು, ಸಾಫ್ಟ್‌ವೇರ್ ವಿಭಾಗದಲ್ಲಿ. ಷರತ್ತು ಒಂದೇ. ಅಬಿಟೂರ್, ಅಂದರೆ ಶಾಲೆಯ ಕೊನೆಯ ಪರೀಕ್ಷೆಯ ಗಣಿತದಲ್ಲಿ ಎಂಟು ಅಂಕ ಬರಬೇಕು. ಇಲ್ಲಿ ಗರಿಷ್ಠ ಅಂಕ ಹದಿನೈದು. ನನ್ನ ಕೈಗೆ ಬಂದಾಗ ಅವಳು ನಾಲ್ಕರ ಆಸುಪಾಸಿನಲ್ಲಿದ್ದಳು.

ಶಾಲೆಯೊಳಗೆ ಅವಳು ನನ್ನನ್ನು ಎಲ್ಲರಂತೆ ಹೆಸರಿಗೆ 'ಫ್ರಾವ್', ಅಂದರೆ ಶ್ರೀಮತಿ, ಸೇರಿಸಿ ಕರೆಯುತ್ತಿದ್ದಳು. ಗೇಟು ದಾಟಿದರೆ ಆಂಟಿ. ಪಾಠ ಮುಗಿದ ಮೇಲೆ ಖಾಲಿ ಕೋಣೆಯಲ್ಲಿ ಕುಳಿತು ಲೆಕ್ಕ ಮಾಡುವಾಗಲೂ, ಯಾರೂ ಇಲ್ಲವೆಂದು ನೋಡಿಕೊಂಡು, ಆಂಟಿ.

ಅವಳನ್ನು ಹೆಚ್ಚು ಕಾಡುತ್ತಿದ್ದುದು ಸಂಭವನೀಯತೆಯ ಒಂದು ಜಾತಿಯ ಲೆಕ್ಕ. ಕಾರ್ಖಾನೆಯ ಬಿಡಿಭಾಗಗಳಲ್ಲಿ ಇಷ್ಟು ಪಾಲು ದೋಷವುಳ್ಳವು. ಕನಿಷ್ಠ ಮೂರು ದೋಷದ ಭಾಗಗಳು ಸಿಗುವ ಸಾಧ್ಯತೆ ಕನಿಷ್ಠ ಇಷ್ಟಿರಬೇಕಾದರೆ ಕನಿಷ್ಠ ಎಷ್ಟು ಭಾಗ ತೆಗೆದು ನೋಡಬೇಕು? ಒಂದೇ ಪ್ರಶ್ನೆಯಲ್ಲಿ ಮೂರು 'ಕನಿಷ್ಠ'. ಇಲ್ಲಿಯ ಪರೀಕ್ಷೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

"ಆಂಟಿ, ಮೂರು ಕನಿಷ್ಠ ಓದೂದ್ರಾಗ ನನ್ನ ತಲಿ ಗಿರ್ ಅಂತದ. ಯಾವದು ದೊಡ್ಡದು, ಯಾವದು ಸಣ್ಣದು, ಗಾರ್ ನಿಶ್ಟ್ ಗೊತ್ತಾಗೂದಿಲ್ಲ" ಎಂದಳು ಒಂದು ಮಧ್ಯಾಹ್ನ. ಏನೇನೂ ಎನ್ನುವುದಕ್ಕೆ ಅವಳ ಬಾಯಲ್ಲಿ ಜರ್ಮನ್ನೇ ಬರುತ್ತಿತ್ತು.

"ಬಿಡು ಅದನ್ನ. ನಿಮ್ಮಮ್ಮ ಸಾರಿಗೆ ಉಪ್ಪು ಹೇಗೆ ಹಾಕ್ತಾರೆ ಹೇಳು."

"ಸ್ವಲ್ಪ ಹಾಕಿ ರುಚಿ ನೋಡ್ತಾಳ. ಕಡಿಮಿ ಆದ್ರ ಮತ್ತ ಸ್ವಲ್ಪ."

"ಎಲ್ಲೀವರೆಗೆ?"

"ಸಾಕು ಅನ್ನೂತನಕ."

"ಅದನ್ನೇ ಈ ಮಷೀನಿಗೆ ಹೇಳು. ಒಂದು ಭಾಗದಿಂದ ಶುರು ಮಾಡು. ಸಾಧ್ಯತೆ ಎಷ್ಟು ಬಂತು ನೋಡು. ಕಡಿಮೆ ಆದ್ರೆ ಇನ್ನೊಂದು ಸೇರಿಸು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಬರೆದಳು. ಆರೇಳು ಸಾಲಿನ ಪುಟ್ಟ ಪ್ರೋಗ್ರಾಮ್. ತಲುಪಬೇಕಾದ ಮಿತಿಗೆ ಅವಳು ಇಟ್ಟ ಹೆಸರು saku. ಎಷ್ಟು ಭಾಗ ಎನ್ನುವುದಕ್ಕೆ eshtu. ಸಾಧ್ಯತೆ ಸಾಕು ಎನ್ನುವವರೆಗೆ ಎಷ್ಟು ಎಂಬುದನ್ನು ಒಂದೊಂದೇ ಏರಿಸುತ್ತ ಹೋಗು ಎಂದು ಯಂತ್ರಕ್ಕೆ ಆಜ್ಞೆ. ಉತ್ತರ ಬಂತು, ಸರಿಯಾಗಿಯೇ ಬಂತು. ಅವಳಿಗಾದ ಖುಷಿ ನೋಡಿ ನನಗೂ ಖುಷಿಯಾಯಿತು. ಅಂದಿನಿಂದ ಅವಳು ಯಾವ ಹೊಸ ಪಾಠ ಬಂದರೂ ಮೊದಲು ಅದನ್ನು ಯಂತ್ರಕ್ಕೆ ಕಲಿಸುತ್ತಿದ್ದಳು. ಯಂತ್ರಕ್ಕೆ ಕಲಿಸಲು ಹೋಗಿ ತಾನು ಕಲಿತಳು.

ಆದರೆ ಪರೀಕ್ಷೆಯ ದಿನ ಬೀಗ ಬೀಳುತ್ತದಲ್ಲ. ಬರೆದಿಟ್ಟ ಪ್ರೋಗ್ರಾಮ್ ಕಾಣುವುದಿಲ್ಲ. ಕುಳಿತಲ್ಲಿ ಹೊಸದಾಗಿ ಬರೆದುಕೊಳ್ಳಲು ಮಾತ್ರ ಅಡ್ಡಿಯಿಲ್ಲ. ಆದ್ದರಿಂದ ಅವಳು ಅವನ್ನೆಲ್ಲ ನೆನಪಿನಿಂದ ಬೇಗ ಬೇಗ ಬರೆಯುವಂತಾಗಬೇಕಿತ್ತು. ಇಲ್ಲಿ ನಾನು ನನಗೆ ಗೊತ್ತಿದ್ದ ದಾರಿ ಹಿಡಿದೆ. ಮಗ್ಗಿ, ಪ್ರಮೇಯ, ಸಂಧಿ ಸಮಾಸ ಎಲ್ಲವನ್ನೂ ನಾವು ಕಲಿತ ದಾರಿ. ಬಾಯಿಪಾಠ.

"ಅಳಿಸು, ಮತ್ತೆ ಬರಿ" ಎನ್ನುತ್ತಿದ್ದೆ. ಅವಳು ಅಳಿಸಿ ಮತ್ತೆ ಬರೆಯುತ್ತಿದ್ದಳು. ಹೆಸರು ಬದಲಾಯಿಸಲು, ಸಾಲು ಹಿಂದೆ ಮುಂದೆ ಮಾಡಲು ನಾನು ಬಿಡುತ್ತಿರಲಿಲ್ಲ. ಗಾಬರಿಯಾದಾಗ ತಲೆ ಕೈಕೊಡುತ್ತದೆ, ಬೆರಳು ಕೈಕೊಡುವುದಿಲ್ಲ ಎನ್ನುವುದು ನನ್ನ ನಂಬಿಕೆ. ಚಳಿಗಾಲವೆಲ್ಲ ಇದೇ ನಡೆಯಿತು. ಪ್ರತಿಯೊಂದನ್ನೂ ಕೊನೆಯ ಸಲ ಬರೆದದ್ದು ಯಂತ್ರದಲ್ಲಿ ಉಳಿದಿರುತ್ತಿತ್ತು. ಉಳಿದರೆ ಏನಂತೆ, ಬೀಗ ಬೀಳುವುದೇ ಇದೆ ಎಂದುಕೊಂಡೆವು. ಪರೀಕ್ಷೆ ಹತ್ತಿರವಾಗುವ ಹೊತ್ತಿಗೆ ಅವಳು ಕ್ಲಾಸ್ ಟೆಸ್ಟ್‌ಗಳಲ್ಲಿ ಒಂಬತ್ತು ತೆಗೆಯುತ್ತಿದ್ದಳು. ಹಿರಿಯ ಸಹೋದ್ಯೋಗಿ ಅಂಕಪಟ್ಟಿ ನೋಡಿ ಹುಬ್ಬೇರಿಸಿದರು. ನಾನು ಒಳಗೊಳಗೇ ಬೀಗಿದೆ.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಎಲ್ಲ ಯಂತ್ರಗಳನ್ನೂ ಪರೀಕ್ಷಾ ಮೋಡ್‌ಗೆ ಹಾಕಿ, ಪೆಟ್ಟಿಗೆಯಲ್ಲಿಟ್ಟು, ಆಫೀಸಿನ ಕಪಾಟಿನಲ್ಲಿ ಬೀಗ ಹಾಕುವುದು ನಮ್ಮ ಪದ್ಧತಿ. ಅದಕ್ಕೂ ಮೊದಲು ಹುಡುಗಿಯ ತಾಯಿ ನನಗೆ ಫೋನು ಮಾಡಿದರು.

"ಅಕ್ಕಾರ, ಮಷೀನ್ ನಿಮ್ಮ ಕಡೆ ಕೊಟ್ಟ ಮ್ಯಾಲೆ ಮನಿಗೆ ಬರೂದಿಲ್ಲಂತಲ್ರೀ. ಹಂಗಾರ ಪೂಜಾ ಹ್ಯಾಂಗ ಮಾಡ್ಲಿ?"

"ಕೊಡೋದಕ್ಕೆ ಮುಂಚೆ ಮಾಡಿಬಿಡಿ."

"ಶಾಲೀದು ಅದ, ನಡೀತದೇನ್ರೀ?"

"ಶಾಲೆಯದಾದರೇನು, ಪರೀಕ್ಷೆ ಬರಿಯೋ ಕೈ ನಿಮ್ಮ ಮಗಳದಲ್ವಾ" ಎಂದು ನಗಾಡಿದೆ. ಆಯುಧಪೂಜೆಯಲ್ಲಿ ಜಾಮಿಟ್ರಿ ಬಾಕ್ಸಿಗೆ ಕುಂಕುಮ ಹಚ್ಚಿಸಿಕೊಂಡು ಬೆಳೆದವಳು ನಾನು. ಕ್ಯಾಲ್ಕುಲೇಟರಿಗೆ ಪೂಜೆ ಎಂಬುದು ನನಗೆ ವಿಚಿತ್ರ ಅನ್ನಿಸಲೇ ಇಲ್ಲ.

ಯಂತ್ರಗಳು ಬಂದವು. ನಾನು ಒಂದು ಸಾಲು, ಇನ್ನೊಬ್ಬ ಟೀಚರ್ ಇನ್ನೊಂದು ಸಾಲು ಹಂಚಿಕೊಂಡೆವು. ಯಂತ್ರ ಆಫ್ ಮಾಡಬೇಕು. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು. ಒಂದು ಕಿಟಕಿ ತೆರೆಯುತ್ತದೆ, ಅದರಲ್ಲಿ ಆಯ್ಕೆಗಳನ್ನು ಗುರುತು ಮಾಡಬೇಕು. ಯಂತ್ರ ಮತ್ತೆ ಶುರುವಾದಾಗ ಪರದೆಯ ಮೂಲೆಯಲ್ಲಿ ಪುಟ್ಟ ಬೀಗದ ಚಿತ್ರ ಬರುತ್ತದೆ, ನೆತ್ತಿಯ ದೀಪ ಮಿನುಗತೊಡಗುತ್ತದೆ. ಎರಡನ್ನೂ ನೋಡಿ, ಮೇಲಿನ ಮುಚ್ಚಳವನ್ನು ಜಾರಿಸಿ ಹಾಕಿ ಪೆಟ್ಟಿಗೆಗಿಡಬೇಕು.

ಹುಡುಗಿಯ ಯಂತ್ರದ ಮುಚ್ಚಳ ತೆಗೆದರೆ ನೆತ್ತಿಯ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ, ಎಣ್ಣೆಯಲ್ಲಿ ಕಲಸಿ ದುಂಡಗೆ ಇಟ್ಟದ್ದು. ದೀಪದ ಪಕ್ಕಕ್ಕೇ ಇತ್ತು. ಇನ್ನೂ ಹಸಿ. ಮೋಡ್ ಹಾಕಿದೆ. ಬೀಗದ ಚಿತ್ರ ಬಂತು, ದೀಪ ಹಸಿರಾಗಿ ಮಿನುಗಿತು. ಟಿಶ್ಯೂ ಕೈಯಲ್ಲೇ ಇತ್ತು. ಒರೆಸಬೇಕಿತ್ತು. ನನ್ನಿಂದಾಗಲಿಲ್ಲ. ಒಬ್ಬ ತಾಯಿ ಮಗಳ ಪರೀಕ್ಷೆಗೆಂದು ದೇವರ ಮುಂದಿಟ್ಟು ಹಚ್ಚಿದ ಕುಂಕುಮವನ್ನು ಪರೀಕ್ಷೆಯ ಹಿಂದಿನ ದಿನ ಒರೆಸುವುದೆಂದರೆ ಏನು? ಎಂ.ಎಸ್ಸಿ. ಓದಿದವಳು, ಯಂತ್ರದ ಒಳಹೊರಗು ಬಲ್ಲವಳು, ನನ್ನ ಕೈ ಹೋಗಲಿಲ್ಲ ಅಷ್ಟೇ. ದೀಪ ಕಾಣುತ್ತಿದೆಯಲ್ಲ ಎಂದುಕೊಂಡು ಮುಚ್ಚಳ ಜಾರಿಸಿದೆ. ಆ ಮುಚ್ಚಳ ಹಸಿ ಕುಂಕುಮವನ್ನು ತಳ್ಳಿಕೊಂಡು ಹೋಗಿ ದೀಪದ ಮೇಲೆ ಬಳಿಯಿತು ಎಂಬುದು ನನಗೆ ಆಮೇಲೆ ಹೊಳೆದದ್ದು.

ಪರೀಕ್ಷೆಯ ದಿನ ಮೊದಲ ಭಾಗ ಯಂತ್ರವಿಲ್ಲದೆ ಬರೆಯುವಂಥದ್ದು. ಅದು ಮುಗಿದು ಕಾಗದ ವಾಪಸ್ಸಾದ ಮೇಲೆ ನಾನೇ ಪೆಟ್ಟಿಗೆ ತೆರೆದು ಯಂತ್ರಗಳನ್ನು ಹಂಚಿದೆ. ಹುಡುಗಿ ತನ್ನದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಎರಡನೇ ಭಾಗದ ಮೇಲ್ವಿಚಾರಣೆಗೆ ಹಿರಿಯ ಸಹೋದ್ಯೋಗಿ ಬಂದರು. ನಾನು ಹಾಲ್ ಅವರಿಗೆ ಒಪ್ಪಿಸಿ ಸ್ಟಾಫ್ ರೂಮಿಗೆ ಹೋದೆ. ಪ್ರಶ್ನೆಪತ್ರಿಕೆಯನ್ನು ನಾನೂ ಬಿಡಿಸಿ ನೋಡಬೇಕಿತ್ತು. ಮೂರು ಕನಿಷ್ಠಗಳ ಲೆಕ್ಕ ಬಂದಿತ್ತು. ಅದನ್ನು ನೋಡಿ ನಾನು ಒಬ್ಬಳೇ ನಕ್ಕೆ. ಇದಂತೂ ಅವಳಿಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡೆ.

ಆಫೀಸಿನಿಂದ ಕರೆ ಬಂತು. ನಾನು ಹಾಲ್ ತಲುಪುವ ಹೊತ್ತಿಗೆ ಎಲ್ಲವೂ ನಡೆದುಹೋಗಿತ್ತು.

ನಡೆದದ್ದು ಇಷ್ಟು. ಸಹೋದ್ಯೋಗಿ ಸಾಲುಗಳ ನಡುವೆ ನಡೆಯುತ್ತಿದ್ದಾಗ ಒಂದು ಯಂತ್ರದ ದೀಪ ಮಿನುಗುತ್ತಿರಲಿಲ್ಲ. ಬಗ್ಗಿ ನೋಡಿದರೆ ಪರದೆಯ ತುಂಬ ಪ್ರೋಗ್ರಾಮ್, ಅವರಿಗೆ ಅರ್ಥವಾಗದ ಹೆಸರುಗಳು. ಇದರ ದೀಪ ಯಾಕಿಲ್ಲ ಎಂದು ಮೆಲ್ಲಗೆ ಕೇಳಿದರು. ಹುಡುಗಿ ನೋಡಿದಳು, ಗಾಬರಿಯಾದಳು, ಹೆಬ್ಬೆರಳಿನಿಂದ ಕುಂಕುಮ ಉಜ್ಜಿದಳು. ದೀಪ ಮಿನುಗಿತು. ಸಹೋದ್ಯೋಗಿಗೆ ಕಂಡದ್ದು ಬೇರೆ: ದೀಪವಿರಲಿಲ್ಲ, ಇವಳು ಕೈಯಲ್ಲಿ ಏನೋ ಮಾಡಿದಳು, ದೀಪ ಬಂತು. ಅವರು ಯಂತ್ರ ತೆಗೆದುಕೊಂಡು ಅವಳಿಗೆ ಬದಲಿ ಯಂತ್ರ ಕೊಟ್ಟರು. ಹಾಲಿನ ಮುಂಭಾಗದ ತಮ್ಮ ಮೇಜಿಗೆ ಹೋಗಿ ಕಂಪ್ಯೂಟರಿಗೆ ಕೇಬಲ್ ಚುಚ್ಚಿದರು. ಒಳಗೇನಿದೆ ನೋಡಬೇಕಾದರೆ ಪರೀಕ್ಷಾ ಮೋಡ್ ಕೊನೆಗೊಳಿಸುವ ಗುಂಡಿ ಒತ್ತಿ ಎಂದಿತು ಕಂಪ್ಯೂಟರ್. ಒತ್ತಿದರು.

ಆ ಗುಂಡಿ ಒತ್ತಿದಾಗ ಏನಾಗುತ್ತದೆಂದು ನನ್ನ ತರಗತಿಯ ಮಕ್ಕಳಿಗೂ ಗೊತ್ತು. ಪರೀಕ್ಷೆಯ ಹೊತ್ತಿನಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಬೀಗ ಬಿದ್ದಿದ್ದ ಹಳೆಯದೆಲ್ಲ ಮರಳಿ ಬರುತ್ತದೆ. ಅವಳು ಆ ದಿನ ಕುಳಿತು ಬರೆದ ಪ್ರೋಗ್ರಾಮ್ ಹೋಯಿತು. ಚಳಿಗಾಲದಲ್ಲಿ ಬರೆದಿಟ್ಟದ್ದು ಎದ್ದು ಕುಳಿತಿತು. ಅದೇ ಹೆಸರು, ಅದೇ ಸಾಲು, ಅದೇ saku, ಅದೇ eshtu. ಸಹೋದ್ಯೋಗಿ ಸ್ವಲ್ಪ ಮುಂಚೆ ಪರದೆಯ ಮೇಲೆ ಕಂಡದ್ದು ಈಗ ಯಂತ್ರದ ಹೊಟ್ಟೆಯಲ್ಲಿ ಅಕ್ಷರಶಃ ಸಿಕ್ಕಿತು.

ಹಾಲಿನ ಬಾಗಿಲಲ್ಲಿ ನಿಂತು ಅವಳನ್ನು ನೋಡಿದೆ. ಬದಲಿ ಯಂತ್ರ ಮುಂದಿಟ್ಟುಕೊಂಡು ಕೈ ತೊಡೆಯ ಮೇಲಿಟ್ಟು ಕುಳಿತಿದ್ದಳು. ಪರೀಕ್ಷೆ ಮುಗಿಯುವವರೆಗೂ ಹಾಗೇ ಕುಳಿತಿದ್ದಳಂತೆ. ಹೊರಗೆ ಬಂದವಳೇ ನನ್ನ ಹತ್ತಿರ ಬಂದು, ಶಾಲೆಯೊಳಗೇ, ಆಂಟಿ ಎಂದಳು.

"ಆಂಟಿ, ಇಶ್ ಶ್ವೋರೆ, ಆಣಿ ಮಾಡಿ ಹೇಳ್ತೀನಿ, ನಾನ ಬರದೀನಿ. ಅದು ಬರೇ ಕುಂಕುಮ ಅಂತ ಹೇಳ್ದೆ, ಅವರಿಗೆ ತಿಳೀಲಿಲ್ಲ."

"ನನಗೆ ಗೊತ್ತು."

"ಅಮ್ಮಗ ಹೇಳಬ್ಯಾಡ್ರಿ. ಕುಂಕುಮದ ವಿಷಯ ಮಾತ್ರ ಹೇಳಬ್ಯಾಡ್ರಿ."

ಸೀಟು ಹೋಗುತ್ತದೆ ಎನ್ನುವ ಭಯಕ್ಕಿಂತ ಅವಳಿಗೆ ಅದೇ ದೊಡ್ಡದಾಗಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮರುದಿನ ಪ್ರಾಂಶುಪಾಲೆಯ ಕೋಣೆಯಲ್ಲಿ ವಿಚಾರಣೆ. ಪ್ರಾಂಶುಪಾಲೆ, ಹಿರಿಯ ಸಹೋದ್ಯೋಗಿ, ನಾನು. ಮೇಜಿನ ನಡುವೆ ಆ ಯಂತ್ರ. ನಾನು ಮೋಡ್ ಹಾಕಿದ್ದು, ಕುಂಕುಮ, ಮುಚ್ಚಳ ಎಲ್ಲವನ್ನೂ ಹೇಳಿದೆ. ಸಹೋದ್ಯೋಗಿ ಕಿವಿಗೊಟ್ಟು ಕೇಳಿದರು.

"ಪರದೆಯ ಮೂಲೆಯಲ್ಲಿ ಬೀಗದ ಚಿತ್ರ ಇತ್ತಲ್ಲ, ನೋಡಲಿಲ್ಲವೇ?" ಎಂದೆ.

"ನನಗೆ ಈ ಯಂತ್ರ ಗೊತ್ತಿಲ್ಲ. ದೀಪ ನೋಡಿ ಎಂದು ನಿಯಮ, ದೀಪ ನೋಡಿದೆ. ಕಂಡದ್ದನ್ನು ಹೇಳುತ್ತೇನೆ, ಕಾಣದ್ದನ್ನು ಹೇಳುವುದಿಲ್ಲ."

"ಉಜ್ಜಿದರೆ ಪರೀಕ್ಷಾ ಮೋಡ್ ಬರುವುದಿಲ್ಲ. ಯಂತ್ರ ಆರಿಸಿ ಮತ್ತೆ ಶುರು ಮಾಡಬೇಕು. ಅಷ್ಟು ಹೊತ್ತು ನೀವು ನೋಡುತ್ತಲೇ ಇದ್ದಿರಿ."

"ಇರಬಹುದು" ಎಂದರು. "ಆದರೆ ಪ್ರೋಗ್ರಾಮ್ ಅಕ್ಷರಕ್ಕೆ ಅಕ್ಷರ ಅದೇ. ಒಂದೇ ಕೆಲಸಕ್ಕೆ ಎರಡು ಸಲ ಬರೆದರೆ ಯಾರೂ ಒಂದೇ ತರಹ ಬರೆಯುವುದಿಲ್ಲ. ನಾನು ಬರೆಯುವುದಿಲ್ಲ. ನೀವು ಬರೆಯುತ್ತೀರಾ?"

"ನಾವು ಬರೆಯುತ್ತೇವೆ" ಎಂದೆ. ಹತ್ತನೇ ತರಗತಿಯಲ್ಲಿ ಪೈಥಾಗೊರಸ್ ಪ್ರಮೇಯವನ್ನು ಅಲ್ಪವಿರಾಮದ ಸಮೇತ ಬಾಯಿಪಾಠ ಮಾಡಿ, ಇಡೀ ತರಗತಿ ಒಂದೇ ತರಹ ಬರೆದು ಬಂದದ್ದನ್ನು ಹೇಳಿದೆ. ಅದೇ ರೀತಿಯಲ್ಲಿ ಇವಳಿಗೂ ಕಲಿಸಿದೆ ಎಂದೆ. ಇಬ್ಬರೂ ನನ್ನನ್ನು ನೋಡಿದ ರೀತಿಯಲ್ಲಿ ಅನುಮಾನಕ್ಕಿಂತ ಮರುಕ ಹೆಚ್ಚಿತ್ತು. ಈಗಲೇ ಅವಳನ್ನು ಕರೆಸಿ, ನಿಮ್ಮ ಮುಂದೆಯೇ ಬರೆಯುತ್ತಾಳೆ ಎಂದೆ.

ಪ್ರಾಂಶುಪಾಲೆ ತಲೆ ಅಲ್ಲಾಡಿಸಿದರು. "ಅವಳಿಗೆ ಅದು ಬರುತ್ತದೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಈಗ ಬರೆದು ತೋರಿಸಿದರೆ ನಿನ್ನೆ ಬರೆದಳು ಎಂದು ಹೇಗಾಗುತ್ತದೆ?"

ಅದು ತರ್ಕಬದ್ಧವಾಗಿತ್ತು. ನಾನು ಕಲಿಸಿದ್ದು ಅವಳಿಗೆ ಚೆನ್ನಾಗಿ ಬಂದಷ್ಟೂ ಅವಳು ಹೆಚ್ಚು ತಪ್ಪಿತಸ್ಥೆಯಂತೆ ಕಾಣುತ್ತಿದ್ದಳು. ಕೆಟ್ಟದಾಗಿ ಕಲಿಸಿದ್ದರೆ ಬಚಾವಾಗುತ್ತಿದ್ದಳು.

ಪ್ರಾಂಶುಪಾಲೆ ಕೊನೆಗೆ ಎರಡು ದಾರಿ ಹೇಳಿದರು. ವಿದ್ಯಾರ್ಥಿನಿ ವಂಚನೆಗೆ ಪ್ರಯತ್ನಿಸಿದಳು ಎಂದಾದರೆ ಪರೀಕ್ಷೆಗೆ ಸೊನ್ನೆ. ಇಲ್ಲ, ಯಂತ್ರ ಸಿದ್ಧಪಡಿಸಿದ ಟೀಚರರ ಲೋಪ ಎಂದಾದರೆ ಪರೀಕ್ಷೆ ರದ್ದು, ಅವಳು ನಾಖ್‌ಟೆರ್ಮಿನ್‌ನಲ್ಲಿ, ಅಂದರೆ ಬಾಕಿ ಉಳಿದವರಿಗೆ ಆಮೇಲೆ ನಡೆಯುವ ಪರೀಕ್ಷೆಯಲ್ಲಿ, ಹೊಸ ಪ್ರಶ್ನೆಪತ್ರಿಕೆಗೆ ಮೊದಲಿನಿಂದ ಬರೆಯಬೇಕು. "ಎರಡನೆಯದಾದರೆ ನಿಮ್ಮ ಗುತ್ತಿಗೆಯ ವಿಷಯದಲ್ಲಿ ನಾನು ಏನೂ ಮಾಡಲಾರೆ. ಈಗಲೇ ಹೇಳಬೇಕಿಲ್ಲ. ಯೋಚಿಸಿ" ಎಂದರು. ದನಿಯಲ್ಲಿ ಕಠಿಣತೆಯಿರಲಿಲ್ಲ.

ಯೋಚಿಸುವಂಥದ್ದೇನೂ ಇರಲಿಲ್ಲ. "ಲೋಪ ನನ್ನದು. ದೀಪದ ಪಕ್ಕದಲ್ಲಿ ಕುಂಕುಮ ಇದ್ದದ್ದು ಕಂಡೂ ಒರೆಸದೆ ಮುಚ್ಚಳ ಹಾಕಿದೆ" ಎಂದೆ. ಬರೆದುಕೊಂಡರು. ಕೋಣೆಯಿಂದ ಹೊರಬರುವಾಗ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ. ಏಕೆಂದರೆ ನಾನು ಉಳಿಸಿದ್ದು ಒಂದು ಅವಕಾಶವನ್ನು ಮಾತ್ರ. ಅವಳ ಮಾತು ನಿಜ ಎಂದು ಯಾರೂ ಒಪ್ಪಿರಲಿಲ್ಲ.

ಯಂತ್ರವನ್ನು ಅವಳಿಗೆ ವಾಪಸ್ಸು ಕೊಟ್ಟರು. ಮತ್ತೆ ಅದೇ ಖಾಲಿ ಕೋಣೆ, ಅವಳು, ನಾನು. "ಅಳಿಸು, ಮತ್ತೆ ಬರಿ" ಎಂದೆ, ಏನೂ ಆಗದವಳ ಹಾಗೆ. ಅವಳು ಅಳಿಸಿದಳು. ಬರೆಯಲು ಶುರು ಮಾಡಿದಳು. saku ಎಂದು ಬರೆದಲ್ಲಿ ಬೆರಳು ನಿಂತಿತು.

"ಆಂಟಿ, ಮತ್ತ ಅದ ಬರ್ಲಿಕ್ಕೆ ಹತ್ತೇದ."

"ಬರಲಿ."

"ಮೊದಲಿನಂಗ ಬಂದ್ರ ಮತ್ತ ಕಾಪಿ ಅಂತಾರ. ಬ್ಯಾರೆ ಥರ ಬರೀಲೇನು?"

ಬೇಡ ಎಂದೆ. ಆದರೆ ಗಟ್ಟಿಯಾಗಿ ಬೇಡ ಎನ್ನಲು ನನಗೇ ಧೈರ್ಯ ಸಾಲಲಿಲ್ಲ. ಅವಳು ಹೆಸರು ಬದಲಾಯಿಸಿದಳು. ಸಾಲುಗಳನ್ನು ಹಿಂದೆ ಮುಂದೆ ಮಾಡಿದಳು. ಬೆರಳು ತಾನಾಗಿಯೇ ಹಳೆಯದನ್ನೇ ಬರೆಯುತ್ತಿತ್ತು, ಅವಳು ಅದನ್ನು ಹಿಡಿದು ನಿಲ್ಲಿಸುತ್ತಿದ್ದಳು. ಹೊಸದನ್ನು ಓಡಿಸಿದಾಗ ತಪ್ಪು ತೋರಿಸಿತು. ತಿದ್ದಿದಳು. ಬೇರೆ ತಪ್ಪು ತೋರಿಸಿತು. ಯಂತ್ರ ಮುಚ್ಚಿಟ್ಟು, "ನಾಳೆ ಬರ್ತೀನಿ" ಎಂದು ಎದ್ದು ಹೋದಳು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಫೋನು ಮಾಡಿದರೆ ಮನೆಯಲ್ಲೇ ಓದುತ್ತಿದ್ದೇನೆ ಎಂದಳು.

ತಾಯಿ ಒಮ್ಮೆ ಭಾರತೀಯ ಅಂಗಡಿಯಲ್ಲಿ ಸಿಕ್ಕರು. ಕೈಯಲ್ಲಿ ಅವಲಕ್ಕಿಯ ಪೊಟ್ಟಣ.

"ಮಷೀನ್‌ನ್ಯಾಗ ಏನೋ ತೊಂದ್ರಿ ಆತು ಅಂದ್ಲು ನನ್ನ ಮಗಳು. ಹೌದೇನ್ರೀ ಅಕ್ಕಾರ?"

"ಹೌದು. ಮಷೀನಿಂದೇ ತೊಂದರೆ."

"ಪೂಜಾದಾಗ ಏನರ ಕಡಿಮಿ ಮಾಡಿದ್ನೋ ಏನೋ. ಈ ಸರ್ತಿ ಇನ್ನೂ ಚಲೋ ಮಾಡ್ತೀನಿ."

ಬೇಡ ಎನ್ನಬಹುದಿತ್ತು. ಯಾಕೆ ಎಂದು ಕೇಳುತ್ತಿದ್ದರು. ಹುಡುಗಿಗೆ ಕೊಟ್ಟ ಮಾತಿತ್ತು. ನಾನು ಬೇಳೆಯ ಡಬ್ಬಿಗಳ ಕಡೆ ಮುಖ ತಿರುಗಿಸಿದೆ.

ಮರುಪರೀಕ್ಷೆಯ ಹಿಂದಿನ ಮಧ್ಯಾಹ್ನ ಯಂತ್ರದ ಹತ್ತಿರ ಹೋಗಲು ನನಗೆ ಅನುಮತಿಯಿರಲಿಲ್ಲ. ಕಾರಿಡಾರಿನಲ್ಲಿ ನಿಂತಿದ್ದೆ. ಹುಡುಗಿ ಬಂದಳು. ಒಳಗೆ ಹೋಗುವ ಮೊದಲು ಕಿಟಕಿಯ ಹತ್ತಿರ ನಿಂತು ಯಂತ್ರದ ಮುಚ್ಚಳ ತೆಗೆದಳು. ಹೋದ ಸಲಕ್ಕಿಂತ ದೊಡ್ಡ ಕುಂಕುಮ, ಒಂದು ಹೂವಿನ ಎಸಳು ಕೂಡ. ಚೀಲದಿಂದ ಒದ್ದೆ ಟಿಶ್ಯೂ ತೆಗೆದು ಒರೆಸತೊಡಗಿದಳು. ಸಂದಿ ಸಂದಿಗೂ ಉಗುರು ಹಾಕಿ ಒರೆಸಿದಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಟಿಶ್ಯೂ ಕಸದ ಬುಟ್ಟಿಗೆ ಹಾಕಲಿಲ್ಲ, ಮಡಚಿ ಚೀಲದೊಳಗಿಟ್ಟುಕೊಂಡಳು. ನನ್ನನ್ನು ದಾಟಿ ಹೋಗುವಾಗ ಫ್ರಾವ್ ಸೇರಿಸಿ ನಮಸ್ಕಾರ ಹೇಳಿದಳು.

ಪರೀಕ್ಷೆಯಲ್ಲಿ ಅವಳು ಯಂತ್ರದ ಮುಚ್ಚಳವನ್ನೇ ತೆಗೆಯಲಿಲ್ಲ ಎಂದು ಮೇಲ್ವಿಚಾರಣೆಗಿದ್ದವರು ಹೇಳಿದರು. ಅವಳ ಉತ್ತರಪತ್ರಿಕೆ ತಿದ್ದಿದ್ದು ಹಿರಿಯ ಸಹೋದ್ಯೋಗಿ. ಅಂಕಗಳು ಹೊರಬಿದ್ದ ಮೇಲೆ ಅವರು ನನ್ನನ್ನು ಕರೆದು ಒಂದು ಹಾಳೆ ತೋರಿಸಿದರು. ಈ ಸಲವೂ ಮೂರು ಕನಿಷ್ಠಗಳ ಲೆಕ್ಕ ಬಂದಿತ್ತು. ಹುಡುಗಿ ಅದನ್ನು ಕೈಯಲ್ಲಿ ಮಾಡಿದ್ದಳು. ಮೂರು ಭಾಗಗಳಿಗೆ ಸಾಧ್ಯತೆ ಎಷ್ಟು, ಸಾಲದು. ನಾಲ್ಕಕ್ಕೆ ಎಷ್ಟು, ಸಾಲದು. ಐದಕ್ಕೆ. ಆರಕ್ಕೆ. ಯಂತ್ರ ಕಣ್ಣು ಮಿಟುಕಿಸುವುದರಲ್ಲಿ ಮಾಡುವುದನ್ನು ಪುಟಗಟ್ಟಲೆ, ಸಣ್ಣ ಅಕ್ಷರದಲ್ಲಿ, ಒಂದೊಂದೇ ಏರಿಸುತ್ತ ಹೋಗಿದ್ದಳು. ಗುಣಾಕಾರದಲ್ಲಿ ಒಂದೂ ತಪ್ಪಿರಲಿಲ್ಲ. ಮಿತಿ ಇನ್ನೂ ದೂರವಿರುವಾಗ ಒಂದು ಸಾಲಿನ ಮಧ್ಯದಲ್ಲಿ ಬರಹ ನಿಂತಿತ್ತು. ಸಮಯ ಮುಗಿದಿತ್ತು. ಆಮೇಲಿನ ಪ್ರಶ್ನೆಗಳ ಹಾಳೆಗಳು ಖಾಲಿ.

"ವಿಧಾನ ಸರಿ" ಎಂದರು ಸಹೋದ್ಯೋಗಿ. "ವಿಧಾನಕ್ಕೆ ಎಷ್ಟು ಕೊಡಬಹುದೋ ಅಷ್ಟು ಕೊಟ್ಟೆ." ಹಾಳೆಯನ್ನು ಫೈಲಿಗೆ ಸೇರಿಸಿದರು. "ಯಂತ್ರದಲ್ಲಿ ಬರೆದಿದ್ದು ಅವಳೇ, ಅಲ್ಲವೇ?" ಎಂದು ಕೇಳಿದರು.

ಮೊದಲೇ ಕೇಳಬೇಕಿತ್ತು ಎಂದು ಬಾಯಿಗೆ ಬಂತು. ಆದರೆ ಮೊದಲೇ ಕೇಳಿದ್ದರು, ನಾನೂ ಹೇಳಿದ್ದೆ. ಹೌದು ಎಂದಷ್ಟೇ ಅಂದೆ.

ಆರು ಅಂಕ. ಶಾಲೆ ಮುಗಿಸಿದಳು, ಪಾಸಾದಳು, ಸೀಟು ಹೋಯಿತು. ಇಂಗೋಲ್‌ಸ್ಟಾಟ್‌ನ ಕನ್ನಡದವರ ನಡುವೆ ಅವಳ ಅಪ್ಪ ಈ ಸಲ ಪ್ರಶ್ನೆಪತ್ರಿಕೆ ಬಹಳ ಕಠಿಣವಿತ್ತು ಎಂದು ಹೇಳಿಕೊಂಡು ತಿರುಗಿದರು. ಅವಳು ಈಗ ಏನು ಮಾಡುತ್ತಿದ್ದಾಳೆ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ.

ನನ್ನ ಗುತ್ತಿಗೆ ನವೀಕರಣವಾಗಲಿಲ್ಲ. ಕೊನೆಯ ವಾರ ನನಗೆ ಒಪ್ಪಿಸಿದ ಕೆಲಸ, ಮಕ್ಕಳು ಹಿಂದಿರುಗಿಸಿದ ಯಂತ್ರಗಳನ್ನು ಮುಂದಿನ ವರ್ಷದವರಿಗೆ ಸಿದ್ಧ ಮಾಡುವುದು. ಒಂದೊಂದಾಗಿ ಆನ್ ಮಾಡಬೇಕು, ಒಳಗಿರುವುದನ್ನೆಲ್ಲ ಅಳಿಸಬೇಕು, ಒರೆಸಿಡಬೇಕು. ಕೆಲವರ ಯಂತ್ರದಲ್ಲಿ ಆಟಗಳಿದ್ದವು, ಕೆಲವರದರಲ್ಲಿ ಗೆಳತಿಯ ಹೆಸರಿನ ಗ್ರಾಫ್. ಅಲ್ಲಿಯವರೆಗೆ ಒಬ್ಬರೂ ಅಳಿಸಿ ಕೊಟ್ಟಿರಲಿಲ್ಲ. ಅವಳದು ಕೈಗೆ ಬಂತು. ಅಳಿಸುವ ಮೊದಲು ಆ ಪ್ರೋಗ್ರಾಮ್ ಒಂದು ಸಲ ಓಡಿಸಿ ನೋಡಬೇಕು ಎನ್ನಿಸಿತು. ಒಳಗೆ ಏನೂ ಇರಲಿಲ್ಲ. ನಾವಿಬ್ಬರೂ ಒಂದು ಚಳಿಗಾಲವೆಲ್ಲ ಬರೆದದ್ದನ್ನು, ಯಾರೂ ಹೇಳದೆಯೇ, ಅವಳೇ ಅಳಿಸಿಕೊಟ್ಟಿದ್ದಳು. ಈ ಸಲ ಮತ್ತೆ ಬರೆದಿರಲಿಲ್ಲ.

ದೀಪದ ಸುತ್ತಲಿನ ಗೀರಿನಲ್ಲಿ ಮಾತ್ರ, ಅವಳ ಉಗುರಿಗೂ ಎಟುಕದ ಕಡೆ, ಕೆಂಪು ಎಳೆಯೊಂದು ಉಳಿದಿತ್ತು. ಮುಂದಿನ ವರ್ಷ ಯಾವುದೋ ಮಗುವಿನ ಕೈಗೆ ಹೋಗುವ ಯಂತ್ರ. ಹತ್ತಿಗೆ ಸ್ಪಿರಿಟ್ ಹಾಕಿ, ಸೂಜಿಯ ತುದಿಗೆ ಸುತ್ತಿ, ಅದನ್ನೂ ತೆಗೆದೆ.